ಅಬೂ ನಾಸಿರ್ ಗುಡಿಸುತ್ತಿದ್ದ ಮಸೀದಿ

ಮೊನ್ನೆ ರಾಸ್ ಅಲ್ ಖೈರಿನಲ್ಲಿ ಮಳೆ ಬಂತು. ಇಲ್ಲಿಯ ಮಳೆ ಅಂದರೆ ಹೇಳಿಕೊಳ್ಳುವಂಥದ್ದೇನಲ್ಲ. ಕಡಲಿನ ಕಡೆಯಿಂದ ಬೂದು ಮೋಡ ಬಂದು, ಉಪ್ಪುನೀರು ಸಿಹಿ ಮಾಡುವ ಸ್ಥಾವರದ ಪೈಪುಗಳ ಮೇಲೆ ಸ್ವಲ್ಪ ಹೊತ್ತು ಸದ್ದು ಮಾಡಿ ಹೋಗುತ್ತದೆ. ಕೆಲಸಗಾರರೆಲ್ಲ ಫೋನ್ ಹಿಡಿದು ಹೊರಗೆ ಬಂದು ವಿಡಿಯೊ ಮಾಡುತ್ತಾರೆ. ನಾನೂ ಆಫೀಸಿನ ಬಾಗಿಲಿಗೆ ಬಂದು ನಿಂತೆ. ಗಿಡ ನೆಡುವುದಕ್ಕೆಂದು ತಂದು ಸುರಿದ ಮಣ್ಣಿನ ರಾಶಿಯೊಂದು ಅಲ್ಲೇ ಪಕ್ಕದಲ್ಲಿತ್ತು, ಅದರ ಮೇಲೆ ಹರಡಿದ ಒಣಹುಲ್ಲು. ನೆನೆದ ಮಣ್ಣಿನ ಮತ್ತು ಒದ್ದೆ ಹುಲ್ಲಿನ ವಾಸನೆ ಒಟ್ಟಿಗೆ ಮೂಗಿಗೆ ಬಂದದ್ದೇ ತಡ, ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಜೊತೆಯ ಹುಡುಗರು ಎಂತ ಸರ್, ನೀವು ಊರಿನವರಾಗಿ ಮಳೆಗೆ ಹೆದರುವುದಾ ಎಂದು ನಕ್ಕರು. ನಾನೂ ನಕ್ಕೆ. ಆದರೆ ಆ ವಾಸನೆಯಲ್ಲಿ ನಾನು ಬುರೈದಾದಲ್ಲಿ ಕಳೆದ ಕೊನೆಯ ಚಳಿಗಾಲ ಇದೆ. ಅದನ್ನು ಹುಡುಗರಿಗೆ ಹೇಳುವಂತಿರಲಿಲ್ಲ.

ಅದು ನನ್ನ ಮಗಳು ಹುಟ್ಟಿದ ವರ್ಷ. ಕಡಲಿನಿಂದ ದೂರದ, ಒಳನಾಡಿನ ಬುರೈದಾದ ಒಂದು ಕಟ್ಟಡ ಕಂಪನಿಯಲ್ಲಿ ನಾನು ಡ್ರಾಫ್ಟ್ಸ್‌ಮನ್ ಆಗಿದ್ದೆ. ಅಳತೆ ಹಿಡಿಯುವುದು, ನಕ್ಷೆ ಬರೆಯುವುದು ನನ್ನ ಕೆಲಸ. ಆ ಕೆಲಸ ಕೊಡಿಸಿದವನು ವಿಲ್ಫ್ರೆಡ್. ನಮ್ಮೂರು ಕಟಪಾಡಿಯಲ್ಲಿ ನಮ್ಮದೂ ಅವನದೂ ಒಂದೇ ಇಗರ್ಜಿ. ನನಗಿಂತ ಹತ್ತು ವರ್ಷ ದೊಡ್ಡವನು, ಅದೇ ಕಂಪನಿಯಲ್ಲಿ ಸೈಟ್ ಎಂಜಿನಿಯರ್. ನನ್ನ ಮೊದಲಿನ ಕಂಪನಿ ಮುಚ್ಚಿ, ಇಕಾಮಾದ, ಅಂದರೆ ಇಲ್ಲಿ ವಾಸಿಸುವ ಪರವಾನಗಿಯ, ಅವಧಿ ಮುಗಿಯುವ ಗಾಬರಿಯಲ್ಲಿ ನಾನಿದ್ದಾಗ ಕಂಪನಿಯವರ ಹತ್ತಿರ ಮಾತಾಡಿ ನನ್ನನ್ನು ಉಳಿಸಿಕೊಂಡವನು ಅವನೇ. ನಾನವನನ್ನು ವಿಲ್ಲಿಯಣ್ಣ ಎಂದೇ ಕರೆಯುತ್ತಿದ್ದೆ. ಒಂದೇ ಫ್ಲಾಟಿನಲ್ಲಿದ್ದೆವು. ಶುಕ್ರವಾರ ಅವನು ಬಂಗುಡೆ ಸಾರು ಮಾಡುತ್ತಿದ್ದ, ನಾನು ಪಾತ್ರೆ ತೊಳೆಯುತ್ತಿದ್ದೆ. ಸಂಜೆ ಇಬ್ಬರೂ ಕಿಟಕಿ ಮುಚ್ಚಿ, ಮೆಲುದನಿಯಲ್ಲಿ ಜಪಮಾಲೆ ಹೇಳುತ್ತಿದ್ದೆವು. ಇಗರ್ಜಿ ಇಲ್ಲದ ಊರಿನಲ್ಲಿ ನನ್ನ ಪಾಲಿಗೆ ಆ ಕೋಣೆ, ಆ ಮನುಷ್ಯ, ಎರಡೂ ಇಗರ್ಜಿಯೇ ಆಗಿದ್ದವು.

ಚಳಿ ಶುರುವಾಗುವ ಹೊತ್ತಿಗೆ ಕಂಪನಿಗೆ ಒಂದು ಬೇರೆ ಥರದ ಕೆಲಸ ಸಿಕ್ಕಿತು. ಉನೈಜಾದಿಂದ ಆಚೆ, ಖರ್ಜೂರದ ತೋಟಗಳ ನಡುವೆ ಒಂದು ಹಳ್ಳಿ. ಅಲ್ಲಿ ಬಹುಕಾಲದಿಂದ ನಮಾಜು ನಿಂತುಹೋದ ಹಳೆಯ ಮಣ್ಣಿನ ಮಸೀದಿ. ಅದನ್ನು ದುರಸ್ತಿ ಮಾಡಿ ಮತ್ತೆ ತೆರೆಯಬೇಕು. ಅಳತೆಗೆ ನಾನು, ಮೇಲ್ವಿಚಾರಣೆಗೆ ವಿಲ್ಲಿಯಣ್ಣ.

ಮೊದಲ ದಿನ ನಾನೊಬ್ಬನೇ ಹೋದೆ. ಬೆಳಗಿನ ಚಳಿಗೆ ಉಸಿರು ಹೊಗೆಯಾಗುತ್ತಿತ್ತು. ಮಸೀದಿಯ ಅಂಗಳದಲ್ಲಿ ಒಬ್ಬ ಮುದುಕ ದಪ್ಪ ಉಣ್ಣೆಯ ಕೋಟು ಹಾಕಿಕೊಂಡು, ಖರ್ಜೂರದ ಗರಿಯ ಪೊರಕೆಯಿಂದ ಗುಡಿಸುತ್ತಿದ್ದರು. ಅವರ ಹೆಸರೇನೋ ನನಗೆ ಕೊನೆಗೂ ಗೊತ್ತಾಗಲಿಲ್ಲ. ದೊಡ್ಡ ಮಗನ ಹೆಸರು ನಾಸಿರ್, ಹಾಗಾಗಿ ಊರಿಗೆಲ್ಲ ಅಬೂ ನಾಸಿರ್, ನಾಸಿರನ ಅಪ್ಪ. ಅವರ ಅಜ್ಜನ ಕಾಲದಲ್ಲಿ ಕಟ್ಟಿದ ಮಸೀದಿ ಅದು. ಹೆದ್ದಾರಿಯ ಬದಿಯಲ್ಲಿ ಹೊಸ ಮಸೀದಿ ಬಂದು, ಜನರೆಲ್ಲ ಕಾಂಕ್ರೀಟ್ ಮನೆಗಳಿಗೆ ಹೋದ ಮೇಲೂ ಇವರು ಬಂದು ಗುಡಿಸಿ ಹೋಗುವುದನ್ನು ಬಿಟ್ಟಿರಲಿಲ್ಲ.

ನನ್ನ ಹೆಸರು ಕೇಳಿದರು. ಲ್ಯಾನ್ಸಿ ಎಂದೆ. ಅವರಿಗೆ ನಾಲಿಗೆ ತಿರುಗಲಿಲ್ಲ. ಕ್ರೈಸ್ತನೋ ಎಂದು ಕೇಳಿದರು. ಹೌದು ಎಂದು ಹೇಳಿ, ನಾನು ಒಳಗೆ ಬರುವುದು ಬೇಡವಾದರೆ ಬೇರೆಯವರನ್ನು ಕಳಿಸುತ್ತೇವೆ ಎಂದೂ ಸೇರಿಸಿದೆ. ನನ್ನ ಅರಬ್ಬಿ ಪುಸ್ತಕದ್ದಲ್ಲ. ಮೊದಲು ಒಂದು ಅಂಗಡಿಯಲ್ಲಿ ಗಿರಾಕಿಗಳ ಜೊತೆ ಮಾತಾಡಿ ಕಲಿತದ್ದು, ಆದರೆ ಧಾರಾಳವಾಗಿ ಬರುತ್ತಿತ್ತು. ಮುದುಕ ಪೊರಕೆಯನ್ನು ಗೋಡೆಗೆ ಒರಗಿಸಿದರು.

“ಚಪ್ಪಲಿ ಕಳಚಿ ಬಾ,” ಎಂದರು. “ಗೋಡೆಗೆ ಔಷಧಿ ಕೊಡುವವನು ಯಾರಾದರೇನು.”

ಆ ಕಟ್ಟಡವನ್ನು ನಾನು ಎಷ್ಟು ಸಲ ಅಳೆದಿದ್ದೇನೆಂದರೆ ಈಗಲೂ ಕಣ್ಣು ಮುಚ್ಚಿ ಬರೆಯಬಲ್ಲೆ. ಹೊರಗಿನಿಂದ ನೋಡಿದರೆ ಏನೂ ಇಲ್ಲ. ಒಂದು ಬೋಳು ಮಣ್ಣಿನ ಗೋಡೆ, ಮೇಲಕ್ಕೆ ಹೋಗುತ್ತ ಸಪೂರವಾಗುವ ಗಿಡ್ಡ ಮಿನಾರು. ಒಳಗೆ ಸಾಲು ಕಂಬಗಳು. ದುಂಡಗೆ ಕಡಿದ ಕಲ್ಲುಗಳನ್ನು ಒಂದರ ಮೇಲೊಂದು ಕೂರಿಸಿ, ಮೇಲೆ ಬಿಳಿ ಗಾರೆ ಮೆತ್ತಿದ್ದು. ಕಂಬದಿಂದ ಕಂಬಕ್ಕೆ ಕಮಾನು. ನಮ್ಮ ಇಗರ್ಜಿಗಳಲ್ಲಿರುವಂತೆ ದುಂಡಗಿನದ್ದಲ್ಲ, ಎರಡು ಅಂಗೈಗಳ ತುದಿ ಸೇರಿಸಿದ ಹಾಗೆ ಚೂಪು. ಚಾವಣಿಗೆ ಅಥ್ಲ್ ಎಂಬ ಮರದ ತೊಲೆಗಳು. ನೀರಿಲ್ಲದಲ್ಲೂ ಬೆಳೆಯುವ ಮರ ಅದು, ಈ ಸೀಮೆಯಲ್ಲಿ ತೋಟದ ಅಂಚಿಗೆ ಗಾಳಿ ತಡೆಯಲಿಕ್ಕೆ ನೆಡುತ್ತಾರೆ. ತೊಲೆಗಳ ಮೇಲೆ ಖರ್ಜೂರದ ಗರಿ, ಗರಿಯ ಮೇಲೆ ಮಣ್ಣು. ಮಳೆನೀರು ಗೋಡೆಗೆ ತಾಗದೆ ದೂರ ಬೀಳಲೆಂದು ಚಾವಣಿಯಿಂದ ಹೊರಚಾಚಿದ ಮರದ ದೋಣಿಗಳು. ಮಣ್ಣಿಗೆ ಹುಲ್ಲು ಸೇರಿಸಿ, ಕಾಲಲ್ಲಿ ತುಳಿದು, ಕೊಳೆಯಲು ಬಿಟ್ಟು, ಮತ್ತೆ ತುಳಿದು ಗೋಡೆ ಏರಿಸಿದ್ದರಂತೆ. ಪ್ರತಿ ವರ್ಷ ಚಳಿಗಾಲ ಮುಗಿದ ಮೇಲೆ ಊರಿನವರೇ ಬಂದು ಹೊಸದಾಗಿ ಮೆತ್ತುತ್ತಿದ್ದರಂತೆ. ನಮ್ಮ ಇಗರ್ಜಿ ಕಟ್ಟುವಾಗಲೂ ಊರಿನ ಗಂಡಸರು ಹೆಂಗಸರು ಮುರಕಲ್ಲು ಹೊತ್ತಿದ್ದರು ಎಂದು ನಾನು ಹೇಳಿದೆ. ಮುರಕಲ್ಲು ಅಂದರೇನು ಎಂದು ವಿವರಿಸಲಿಕ್ಕೆ ನನಗೆ ಬಹಳ ಹೊತ್ತು ಹಿಡಿಯಿತು. ಕೆಂಪು ಕಲ್ಲು, ತೂತುತೂತು, ನೆಲದೊಳಗಿನಿಂದಲೇ ಕಡಿದು ತೆಗೆಯುತ್ತೇವೆ ಎಂದಾಗ ಅಬೂ ನಾಸಿರ್ ನಂಬದವರ ಹಾಗೆ ನಕ್ಕರು.

ಆ ಮಸೀದಿಯ ಜೀವ ಇದ್ದದ್ದು ಮಾತ್ರ ಮೇಲಲ್ಲ, ಕೆಳಗೆ. ಹಿಂಬದಿಯ ಮೂಲೆಯಲ್ಲಿ ಇಳಿಯುವ ಮೆಟ್ಟಿಲುಗಳು. ಇಳಿದರೆ ನೆಲದಡಿಯಲ್ಲಿ ಇನ್ನೊಂದು ಪ್ರಾರ್ಥನೆಯ ಕೋಣೆ. ಅದಕ್ಕೆ ಖಲ್ವಾ ಎನ್ನುತ್ತಾರೆ. ಹೊರಗೆ ಕೈಬೆರಳು ಮರಗಟ್ಟುವ ಚಳಿಯಿದ್ದರೂ ಅದರೊಳಗೆ ಹಿತವಾದ ಬಿಸಿ, ಬೇಸಿಗೆಯಲ್ಲಿ ಇಳಿದರೆ ತಂಪು. ಚಳಿಗಾಲದ ಮುಂಜಾವಿನ ನಮಾಜು ಅಲ್ಲೇ ನಡೆಯುತ್ತಿತ್ತಂತೆ. ಕೋಣೆ ತಗ್ಗು, ನಾನು ತಲೆ ಬಗ್ಗಿಸಿಯೇ ನಡೆಯಬೇಕಿತ್ತು. ಗೋಡೆಯ ಒಂದು ಸೀಳಿನಿಂದ ಬೆಳಕು ಬಂದು ನೆಲದ ಮೇಲೆ ಉದ್ದಕ್ಕೆ ಬೀಳುತ್ತಿತ್ತು. ಅಳತೆ ಮುಗಿದ ಮೇಲೂ ನಾನು ಅಲ್ಲಿ ಸುಮ್ಮನೆ ಕೂತಿದ್ದಿದೆ. ಆ ದೇಶದಲ್ಲಿ ಮೊದಲ ಸಲ, ಜನ ಪ್ರಾರ್ಥನೆಗೆಂದೇ ಕಟ್ಟಿದ ಒಂದು ಜಾಗದಲ್ಲಿ ನಾನಿದ್ದೆ. ಬಾಯಲ್ಲಿ ಏನೂ ಹೇಳುತ್ತಿರಲಿಲ್ಲ. ಅಬೂ ನಾಸಿರ್ ಮೆಟ್ಟಿಲ ಮೇಲಿಂದ ಬಗ್ಗಿ ನೋಡಿ, ನಾನು ಕೂತಿರುವುದನ್ನು ಕಂಡು, ಏನೂ ಕೇಳದೆ ಹೋಗುತ್ತಿದ್ದರು.

ಒಂದು ದಿನ ಅವರು ನನ್ನನ್ನು ಕರೆದು ಮೆಟ್ಟಿಲ ತಿರುವಿನ ಗೋಡೆ ತೋರಿಸಿದರು. ಬೇರೆ ಕಡೆ ಗಾರೆಯನ್ನು ಹಲಗೆಯಿಂದ ಎಳೆದು ಸಪಾಟು ಮಾಡಿದ್ದರು. ಇಲ್ಲಿ ಮಾತ್ರ ಸೊಂಟದ ಎತ್ತರದಲ್ಲಿ, ಬರಿಗೈಯಲ್ಲಿ ಸವರಿದ ಗುರುತು, ಬೆರಳುಗಳು ಹಾದುಹೋದ ಸಣ್ಣ ಗೆರೆಗಳು. ಕಟ್ಟುವ ವರ್ಷ ಊರಿಗೆ ಜ್ವರ ಬಂದು ಗಂಡಸರೆಲ್ಲ ಮಲಗಿಬಿಟ್ಟರಂತೆ. ಬಾವಿಯಿಂದ ನೀರು ಹೊತ್ತು ತರುತ್ತಿದ್ದ ಹೆಂಗಸರೇ ಕೆಳಗಿನ ಕೋಣೆಯ ಗಾರೆ ಮುಗಿಸಿದರಂತೆ. ಅವರಲ್ಲಿ ಇವರ ತಾಯಿಯೂ ಒಬ್ಬಳು, ಆಗಿನ್ನೂ ಸಣ್ಣ ಹುಡುಗಿ. ತಿರುವಿನ ಗೋಡೆ ತನ್ನದು ಎಂದು ಆಕೆ ಮಗನಿಗೆ ಹೇಳಿದ್ದಳು. ಆಕೆಯ ಪಟ ಇಲ್ಲ. ಈ ದೇಶದ ಪದ್ಧತಿಯಂತೆ ಗೋರಿಯ ಮೇಲೆ ಹೆಸರೂ ಇಲ್ಲ. ಇಷ್ಟು ಹೇಳಿ ಅಬೂ ನಾಸಿರ್ ನನ್ನ ಮುಖ ನೋಡಿದರು. ದುರಸ್ತಿಯಲ್ಲಿ ಇದೊಂದನ್ನು ಉಳಿಸಬಹುದೇ ಎಂದು ಕೇಳಿದರು. ಬೇರೇನೂ ಅವರು ಎಂದೂ ಕೇಳಿದವರಲ್ಲ.

ನನ್ನ ಕೈಯಲ್ಲಿ ಅಧಿಕಾರ ಇರಲಿಲ್ಲ. ಹಾಗಾಗಿ ವಿಲ್ಲಿಯಣ್ಣನನ್ನು ಕರೆದುಕೊಂಡು ಬಂದೆ. ಅವನು ಖಲ್ವಾಕ್ಕೆ ಇಳಿದು ಟಾರ್ಚ್ ಹಿಡಿದು ಗೋಡೆ ನೋಡಿದ, ಕಂಬದ ಬುಡ ತಟ್ಟಿ ನೋಡಿದ. ಗಟ್ಟಿ ಇದೆ ಮಾರಾಯ, ಆಗಿನವರು ಎಂಥ ಕೆಲಸ ಮಾಡಿದ್ದಾರೆ ಎಂದ. ಆಮೇಲೆ ಅಬೂ ನಾಸಿರರ ಮನೆಯಲ್ಲಿ ಕೂತು ಏಲಕ್ಕಿ ಹಾಕಿದ ಅರಬ್ಬಿ ಕಾಫಿ, ಗಾವಾ, ಕುಡಿದೆವು, ಬೆಣ್ಣೆಯ ಜೊತೆ ಖರ್ಜೂರ ತಿಂದೆವು. ವಿಲ್ಲಿಯಣ್ಣನಿಗೆ ಅರಬ್ಬಿ ಅಷ್ಟಕ್ಕಷ್ಟೆ. ಅವನು ಎದೆಯ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿದ.

“ಆ ಗೋಡೆ ಹಾಗೇ ಇರ್ತದೆ ಅಂತ ಹೇಳು ಅವರಿಗೆ. ನಾನಿರುವವರೆಗೆ ಯಾರೂ ಮುಟ್ಟುವುದಿಲ್ಲ ಅಂತ ಹೇಳು.”

ನಾನು ಹೇಳಿದೆ. ಒಂದು ಶಬ್ದವೂ ಹೆಚ್ಚು ಕಮ್ಮಿ ಆಗದ ಹಾಗೆ, ನಿಧಾನವಾಗಿ, ನನಗೆ ಬರುವ ಒಳ್ಳೆಯ ಅರಬ್ಬಿಯಲ್ಲಿ ಹೇಳಿದೆ. ಅಬೂ ನಾಸಿರ್ ನಮ್ಮಿಬ್ಬರ ಕೈಯನ್ನೂ ಹಿಡಿದುಕೊಂಡರು.

ಆಮೇಲೆ ಮಳೆ ಬಂತು. ಕಸೀಮಿನ, ಅಂದರೆ ಬುರೈದಾದ ಸುತ್ತಿನ ಆ ಸೀಮೆಯ, ಚಳಿಗಾಲದ ಮಳೆ ಕೆಲವು ವರ್ಷ ಬರುವುದೇ ಇಲ್ಲ, ಬಂದರೆ ಒಂದೇ ದಿನ ಎಲ್ಲ ಸುರಿದುಬಿಡುತ್ತದೆ. ಆ ಸಲ ಸುರಿಯಿತು. ಹೆದ್ದಾರಿಯಲ್ಲಿ ನೀರು ನಿಂತು ನಾನು ತಡವಾಗಿ ತಲುಪುವಾಗ ಅಬೂ ನಾಸಿರ್ ಮಸೀದಿಯ ಚಾವಣಿ ಹತ್ತಿ, ಕಟ್ಟಿಕೊಂಡಿದ್ದ ದೋಣಿಗಳ ಬಾಯಿಂದ ಕಸ ಕೀಳುತ್ತಿದ್ದರು. ಕೆಲಸಗಾರರು ಬಿಹಾರದವರು. ಅವರೂ ನಾನೂ ಸೇರಿ ಟಾರ್ಪಾಲು ಎಳೆದೆವು. ಮಣ್ಣು ಕರಗಿ ಹಳದಿ ನೀರು ತೋಳಿನಿಂದ ಕಂಕುಳಿಗೆ ಇಳಿಯುತ್ತಿತ್ತು. ಸಂಜೆಯ ಹೊತ್ತಿಗೆ ಮೇಲಿನ ಹಿಂಬದಿ ಗೋಡೆಯ ಒಂದು ತುಂಡು ಕುಸಿಯಿತು. ಆದರೆ ಖಲ್ವಾದೊಳಗೆ ಒಂದು ಹನಿ ನೀರು ಬಂದಿರಲಿಲ್ಲ. ನಾವೆಲ್ಲ ಅದರೊಳಗೆ ಇಳಿದು, ಒದ್ದೆ ಬಟ್ಟೆಯಲ್ಲೇ ಗೋಡೆಗೊರಗಿ ಕೂತೆವು. ಮುದುಕರ ಮನೆಯಿಂದ ಬಿಸಿ ಗಾವಾ ಬಂತು. ಅವತ್ತು ನನಗಾದ ಸಂತೋಷ ಆ ದೇಶದಲ್ಲಿ ಬೇರೆ ಯಾವತ್ತೂ ಆಗಿಲ್ಲ.

ಮೇಲೆ ಬಿದ್ದ ಆ ತುಂಡು ಕಂಪನಿಯ ಮ್ಯಾನೇಜರಿಗೆ ನೆಪವಾಯಿತು. ಮಣ್ಣಿನ ಕೆಲಸ ನಿಧಾನ, ಒಳಗೆ ಕಾಂಕ್ರೀಟ್ ಕಂಬ ಎಬ್ಬಿಸಿ ಹೊರಗಿನಿಂದ ಮಣ್ಣು ಮೆತ್ತಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಅವರು ಸಭೆಯಲ್ಲಿ ಹೇಳಿದರು. ಕಂಬಕ್ಕೆ ಅಡಿಪಾಯ ಬೇಕಾದರೆ ಕೆಳಗಿನ ಕೋಣೆ ಮುಚ್ಚಬೇಕು. ಖಲ್ವಾಕ್ಕೆ ಏನೂ ಆಗಿಲ್ಲ, ಗೋಡೆಯ ಆ ತುಂಡನ್ನು ಮಣ್ಣಿನಲ್ಲೇ ಕಟ್ಟಬಹುದು ಎಂದು ನಾನು ಜಗಳವಾಡಿದೆ. ವಿಲ್ಲಿಯಣ್ಣ ಆ ಸಭೆಯಲ್ಲಿ ಮಾತಾಡಲಿಲ್ಲ. ಫ್ಲಾಟಿಗೆ ಬಂದ ಮೇಲೆ ಕೇಳಿದೆ. ಮ್ಯಾನೇಜರ್ ಬಾಯಿಗೆ ಬಂದದ್ದು ಹೇಳ್ತಾನೆ, ಬಿಡು, ನಾನಿದ್ದೇನಲ್ಲ ಎಂದ.

ಅದೇ ವಾರ ಅವನು ನನ್ನ ರಜೆಯ ಮಾತೆತ್ತಿದ. ಮಗಳು ಹುಟ್ಟಿ ತಿಂಗಳುಗಳಾಗಿದ್ದವು, ನಾನಿನ್ನೂ ಅವಳನ್ನು ಎತ್ತಿಕೊಂಡಿರಲಿಲ್ಲ. ದೀಕ್ಷಾಸ್ನಾನ ನನಗಾಗಿ ಕಾಯುತ್ತಿತ್ತು. ಈ ಕೆಲಸ ಮುಗಿಸಿ ಹೋಗುತ್ತೇನೆ ಎಂದರೆ ಅವನು ಬೈದ. ಮಗು ಮೊದಲೋ ಮಣ್ಣು ಮೊದಲೋ ಎಂದು ಕೇಳಿದ. ನೀನೇ ಅವಳ ಗಾಡ್‌ಫಾದರ್ ಆಗಬೇಕು, ನೀನಿಲ್ಲದೆ ಹೇಗೆ ಎಂದೆ. ಅವನ ಕಣ್ಣಲ್ಲಿ ನೀರು ಬಂತು. ಅದು ನಟನೆ ಎಂದು ನಾನು ಇವತ್ತಿಗೂ ಹೇಳಲಾರೆ. ತನ್ನ ಬದಲಿಗೆ ತಮ್ಮ ನಿಲ್ಲುತ್ತಾನೆ, ಹೆಸರು ತನ್ನದಿರಲಿ ಎಂದ. ಬೇರೆ ಸಲ ಎಷ್ಟೋ ಅಲೆಸುತ್ತಿದ್ದ ಕಂಪನಿ, ಈ ಸಲ ರಜೆಗೂ ವಾಪಸು ಬರುವ ವೀಸಾಕ್ಕೂ ಒಂದು ಮಾತೂ ಆಡದೆ ಒಪ್ಪಿತು. ನಾನು ದೇವರ ಕೃಪೆ ಎಂದುಕೊಂಡೆ.

ಊರಿನ ಇಗರ್ಜಿಯಲ್ಲಿ ಪಾದ್ರಿಗಳು ಜೆನಿಶಾಳ ತಲೆಗೆ ನೀರು ಹೊಯ್ದಾಗ ಅವಳು ಅಳಲಿಲ್ಲ, ನಕ್ಕಳು. ಮಗುವನ್ನು ದೇವರ ದಾರಿಯಲ್ಲಿ ನಡೆಸುತ್ತೇನೆ ಎಂದು ವಿಲ್ಲಿಯಣ್ಣನ ತಮ್ಮ ಅಣ್ಣನ ಪರವಾಗಿ ಮಾತು ಕೊಟ್ಟ. ಊಟದ ಹೊತ್ತಿಗೆ ವಿಲ್ಲಿಯಣ್ಣನೇ ವಿಡಿಯೊ ಕಾಲ್ ಮಾಡಿದ. ಎಲ್ಲರೂ ಫೋನ್ ಕೈಯಿಂದ ಕೈಗೆ ದಾಟಿಸಿದರು. ನನ್ನ ಕೈಗೆ ಬಂದಾಗ ಸೈಟ್ ಹೇಗಿದೆ ಎಂದು ಕೇಳಿದೆ. ಅವನ ಹಿಂದೆ ಯಾವುದೋ ಯಂತ್ರದ ಗಡಗಡ ಸದ್ದು.

“ಎಲ್ಲ ಸರಿ ಉಂಟು,” ಎಂದ. “ನೀನು ಮಗುವನ್ನು ನೋಡು.”

ರಸ್ತೆಯ ಕೆಲಸ ಇರಬೇಕು ಎಂದುಕೊಂಡು ನಾನು ಫೋನನ್ನು ನನ್ನ ಹೆಂಡತಿ ಐಡಾಳ ಕೈಗೆ ಕೊಟ್ಟೆ.

ರಜೆ ಮುಗಿಸಿ ಬಂದವನು ಬ್ಯಾಗು ಫ್ಲಾಟಿನಲ್ಲಿಟ್ಟು ನೇರ ಹಳ್ಳಿಗೆ ಹೋದೆ. ಮಿನಾರು ಇತ್ತು, ಮುಂದಿನ ಗೋಡೆ ಇತ್ತು. ದೂರದಿಂದ ನೋಡಿ ಸಮಾಧಾನವೇ ಆಯಿತು. ಒಳಗೆ ಕಾಲಿಟ್ಟರೆ ಸಿಮೆಂಟಿನ ವಾಸನೆ. ಹಳೆಯ ಕಂಬಗಳಿರಲಿಲ್ಲ, ಕಬ್ಬಿಣದ ಸರಳುಗಳು ನೆಲದಿಂದ ಎದ್ದು ನಿಂತಿದ್ದವು. ಹಿಂಬದಿಯ ಮೂಲೆಯಲ್ಲಿ ಮೆಟ್ಟಿಲು ಇರಬೇಕಾದಲ್ಲಿ ಹೊಸ ಕಾಂಕ್ರೀಟು, ಗಟ್ಟಿಯಾಗಲೆಂದು ಮೇಲೆ ನೀರು ನಿಲ್ಲಿಸಿದ್ದರು. ಅದರ ಮೇಲೆ ನಡೆದಾಡಿದೆ, ಬೇರೆಲ್ಲಾದರೂ ಮೆಟ್ಟಿಲು ಇದೆಯೇನೋ ಎನ್ನುವ ಹಾಗೆ. ಕೆಲಸಗಾರರಲ್ಲಿ ಒಬ್ಬ ತಲೆ ತಗ್ಗಿಸಿಕೊಂಡೇ ಹಿಂದಿಯಲ್ಲಿ ಹೇಳಿದ, ನೀವು ಹೊರಟ ಮರುದಿನವೇ ಮಶೀನ್ ಬಂತು, ವಿಲ್ಫ್ರೆಡ್ ಸಾಬ್ ನಿಂತು ಮಾಡಿಸಿದರು.

ವಿಲ್ಲಿಯಣ್ಣ ಸೈಟ್ ಆಫೀಸಾಗಿದ್ದ ತಗಡಿನ ಡಬ್ಬಿಯಲ್ಲಿ ಕೂತಿದ್ದ. ನನ್ನನ್ನು ನೋಡಿ ಎದ್ದು, ಮಗು ಹೇಗಿದ್ದಾಳೆ ಎಂದು ಕೇಳಿದ. ಯಾಕೆ ಹೀಗೆ ಮಾಡಿದೆ ಎಂದೆ. ಮೊದಲ ಸಲ ಅವನನ್ನು ಅಣ್ಣ ಎನ್ನಲಿಲ್ಲ. ಅವನು ಸುಳ್ಳು ಹೇಳಲಿಲ್ಲ. ಹೇಳಿದ್ದರೆ ಬಹುಶಃ ನನಗೆ ಸುಲಭವಾಗುತ್ತಿತ್ತು.

“ನೀನಿದ್ದರೆ ಬಿಡ್ತಿರಲಿಲ್ಲ ಲ್ಯಾನ್ಸಿ. ಅದಕ್ಕೇ ಕಳಿಸಿದ್ದು,” ಎಂದ. “ನೀನು ಮ್ಯಾನೇಜರ್ ಎದುರು ಇನ್ನೊಂದು ಸಲ ಜಗಳ ಮಾಡಿದ್ದರೆ ನಿನ್ನನ್ನು ತೆಗೀತಿದ್ದ, ನನ್ನನ್ನೂ ತೆಗೀತಿದ್ದ. ನನಗೆ ಇಬ್ಬರನ್ನೂ ಉಳಿಸ್ಬೇಕಿತ್ತು.”

ಹಾಗಾದರೆ ಆ ದೀಕ್ಷಾಸ್ನಾನ, ಎಂದೆ. ಅವನಿಗೆ ಅರ್ಥವಾಯಿತು. ಅದು ಬೇರೆ, ಇದು ಬೇರೆ ಎಂದ. ನಿನ್ನ ಮಗಳು ನನ್ನ ಮಗಳ ಹಾಗೆಯೇ ಎಂದ. ಅದೂ ನಿಜವೇ ಇರಬೇಕು. ಒಂದೇ ಬಾಯಿಯಿಂದ ಆ ಎರಡೂ ಮಾತು ಬಂದದ್ದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ನನಗೆ ತಿಳಿಯಲಿಲ್ಲ. ನಾನು ಮುದುಕರ ಮನೆಗೆ ಹೋಗುತ್ತೇನೆ ಎಂದು ಹೊರಟೆ. ಅವನು ಬಾಗಿಲಿಗೆ ಅಡ್ಡ ಬಂದು, ಈಗ ಬೇಡ, ಅವರಿಗೆ ಹೇಳಿ ಆಗಿದೆ ಎಂದ. ಏನು ಹೇಳಿದ್ದೀಯ ಎಂದು ಕೇಳಿ, ಅವನನ್ನು ದಾಟಿ ಹೊರಟೆ.

ಉತ್ತರ ಅಬೂ ನಾಸಿರರ ಮನೆಯಲ್ಲಿ ಸಿಕ್ಕಿತು. ಅವರು ನನ್ನನ್ನು ಒಳಗೆ ಕರೆದು ಕೂರಿಸಿದರು, ಎಂದಿನಂತೆ ಗಾವಾ ಕೊಟ್ಟರು, ಮಗಳ ಕ್ಷೇಮ ಕೇಳಿದರು. ಆಮೇಲೆ, ಕೋಣೆ ನಿಲ್ಲುವುದಿಲ್ಲ ಎಂದು ನಿನಗೆ ಮೊದಲೇ ಗೊತ್ತಿದ್ದರೆ ನನಗೆ ಹೇಳಬಹುದಿತ್ತಲ್ಲ ಎಂದರು. ಅವರಿಗೆ ತಲುಪಿದ ಸುದ್ದಿ ಇದು. ನನ್ನ ಅಳತೆಯಲ್ಲಿ ಅಪಾಯ ಕಂಡಿತು, ಕೆಡವಬೇಕೆಂದು ನಾನೇ ಹೇಳಿದೆ, ಎದುರಿಗೆ ಹೇಳಲು ಮುಖವಿಲ್ಲದೆ ಊರಿಗೆ ಹೋದೆ. ಕಂಪನಿಯ ಒಬ್ಬ ಅರಬನನ್ನು ಕರೆತಂದು ವಿಲ್ಲಿಯಣ್ಣ ಹೀಗೆ ಹೇಳಿಸಿದ್ದ.

ಹಾಗಲ್ಲ ಎಂದು ನಾನು ಎಲ್ಲವನ್ನೂ ಹೇಳಿದೆ. ಸಭೆ, ಜಗಳ, ರಜೆ, ಎಲ್ಲ. ಹೇಳುತ್ತ ಹೇಳುತ್ತ ನನ್ನ ಅರಬ್ಬಿ ತಡವರಿಸಿತು. ನನಗೇ ಅದು ಕಟ್ಟಿದ ಕಥೆಯ ಹಾಗೆ ಕೇಳಿಸಿತು. ಮಾತು ಕೊಟ್ಟವನು ಅವನು, ನಾನು ಅವನ ಮಾತನ್ನು ನಿಮ್ಮ ಭಾಷೆಗೆ ತಂದೆ ಅಷ್ಟೇ ಎಂದೆ.

ಮುದುಕ ಲೋಟವನ್ನು ಕೆಳಗಿಟ್ಟರು.

“ಅವನು ಏನು ಹೇಳಿದನೋ ನನಗೆ ಗೊತ್ತಿಲ್ಲ ಮಗನೇ,” ಎಂದರು. “ನಾನು ಕೇಳಿದ್ದು ನಿನ್ನ ಬಾಯಿಯಿಂದ.”

ನಾನು ಆ ತಿಂಗಳೇ ಕೆಲಸ ಬಿಟ್ಟೆ. ಇಲ್ಲಿ, ರಾಸ್ ಅಲ್ ಖೈರಿನಲ್ಲಿ, ಪೈಪಿನ ನಕ್ಷೆ ಬರೆಯುವ ಕೆಲಸ ಸಿಕ್ಕಿತು. ಇಕಾಮಾ ಹೊಸ ಕಂಪನಿಗೆ ಬದಲಾಗುವವರೆಗೆ ಬುರೈದಾದಲ್ಲೇ ಇರಬೇಕಿತ್ತು. ಫ್ಲಾಟು ಬಿಟ್ಟು ಬೇರೆಯವರ ಕೋಣೆಯಲ್ಲಿ ಉಳಿದೆ. ಹೊರಡುವ ಮೊದಲು ಇನ್ನೊಂದು ಸಲ ಅಬೂ ನಾಸಿರರ ಮನೆಗೆ ಹೋದೆ. ಬಿಸಿಲು ಏರತೊಡಗಿತ್ತು, ಚಳಿ ಮುಗಿದಿತ್ತು. ನಾಸಿರ್ ಬಾಗಿಲು ತೆರೆದು, ಅಪ್ಪ ಮಲಗಿದ್ದಾರೆ ಎಂದ. ಒಳಗಿನಿಂದ ಅವರ ಕೆಮ್ಮು ಕೇಳಿಸುತ್ತಿತ್ತು. ಆ ಸೀಮೆಯಲ್ಲಿ ಬಾಗಿಲಿಗೆ ಬಂದವನನ್ನು ಒಂದು ಲೋಟ ಗಾವಾ ಕೊಡದೆ ಯಾರೂ ಕಳಿಸುವುದಿಲ್ಲ. ನಾಸಿರ್ ನೆಲ ನೋಡುತ್ತ ನಿಂತಿದ್ದ. ಸಲಾಂ ಹೇಳಿ ಎಂದು ತಿಳಿಸಿ ವಾಪಸು ಬಂದೆ.

ವಿಲ್ಫ್ರೆಡ್ ಈಗ ಊರಿನಲ್ಲೇ ಮನೆ ಕಟ್ಟಿಸಿಕೊಂಡಿದ್ದಾನೆ. ಜೆನಿಶಾಳ ಪ್ರತಿ ಹುಟ್ಟುಹಬ್ಬಕ್ಕೂ ಉಡುಗೊರೆ ತಪ್ಪಿಸಿಲ್ಲ. ಅವಳಿಗೆ ಅವನೆಂದರೆ ಪ್ರಾಣ. ಐಡಾಳಿಗೆ ನಾನು ಎಲ್ಲ ಹೇಳಿದ್ದೇನೆ, ಮಗಳಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ರಜೆಯಲ್ಲಿ ಇಗರ್ಜಿಯಲ್ಲಿ ಎದುರಾದರೆ ನಾನು ತಲೆಯಾಡಿಸುತ್ತೇನೆ, ಅವನೂ ಆಡಿಸುತ್ತಾನೆ. ಪಾಪನಿವೇದನೆಯಲ್ಲಿ ಈ ವಿಷಯ ಹೇಳಿದಾಗ ಪಾದ್ರಿಗಳು ಕ್ಷಮಿಸು ಎಂದರು. ನನಗೆ ಮಾಡಿದ್ದನ್ನು ಕ್ಷಮಿಸಿದ್ದೇನೆ ಎಂದೇ ಅಂದುಕೊಂಡಿದ್ದೇನೆ. ಆ ಮುದುಕರಿಗೆ ಮಾಡಿದ್ದನ್ನು ಕ್ಷಮಿಸಲು ನಾನು ಯಾರು?

ಈ ವರ್ಷ ಇಗರ್ಜಿಯಲ್ಲಿ ಜೆನಿಶಾ ಮೊದಲ ಪರಮಪ್ರಸಾದ ಸ್ವೀಕರಿಸುತ್ತಾಳೆ. ಮನೆಯಲ್ಲಿ ಸಣ್ಣ ಊಟ ಇಟ್ಟುಕೊಂಡಿದ್ದೇವೆ. ಮಳೆ ಬಂದ ದಿನವೇ ಸಂಜೆ ಐಡಾ ಫೋನ್ ಮಾಡಿ ಯಾರನ್ನೆಲ್ಲ ಕರೆಯುವುದೆಂದು ಕೇಳಿದಳು. ಕೊನೆಗೆ, ವಿಲ್ಲಿಯಣ್ಣ ತಾನಾಗಿ ಕೇಳಿದ್ದಾರೆ, ಗಾಡ್‌ಫಾದರ್ ಅಲ್ವಾ, ಅವತ್ತು ಮೈಕ್ ಹಿಡಿದು ನಾಲ್ಕು ಮಾತು ಹೇಳ್ಬೇಕಂತೆ, ಎಂತ ಹೇಳಲಿ ಎಂದಳು.

“ಬರಲಿ,” ಎಂದೆ. “ಮಗುವಿಗೆ ಆಶೀರ್ವಾದ ಮಾಡಲಿ, ಹೊಟ್ಟೆ ತುಂಬ ಊಟ ಮಾಡಲಿ. ಮೈಕ್ ಮಾತ್ರ ಅವನ ಕೈಗೆ ಕೊಡುವುದು ಬೇಡ.”